ಮೃತರ ಅಲ್ಪಸೊತ್ತಿನ ವಿಲೇವಾರಿ: ಒಂದು ಪೂರ್ವೋತ್ತರ ವಿಚಾರ

ಮುಂಡಾಜೆಯಿಂದ ಬೆಳ್ತಂಗಡಿಗೆ ಹೋಗಿ ಬರುವುದು ಈಗಿನ ಕಾಲದಲ್ಲಿ ಅರ್ಧ ದಿವಸದ ಕೆಲಸವಷ್ಟೆ. ಉಜಿರೆಯಲ್ಲಿ ಬಸ್ಸಿಗಾಗಿ ಕಾಯಬೇಕಾಗಿ ಬಂದರೂ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಆದರೆ ಮರಣಹೊಂದಿದವನೊಬ್ಬನ ಹೆಸರಿನಲ್ಲಿ ಉಳಿದ ನಾಲ್ಕು ಕಾಸನ್ನು ಅವನ ಹೆಂಡಿರು ಮಕ್ಕಳ ಕೈಗೆ ಮುಟ್ಟಿಸುವ ದಾರಿ ಎಷ್ಟು ದಿವಸದ್ದೆಂದು ಕೇಳಿದರೆ, ಆ ದಾರಿಯಲ್ಲಿ ನಡೆದವರು ಸುಮ್ಮನೆ ನಗುತ್ತಾರೆ. ಎರಡು ವರ್ಷಗಳ ಹಿಂದೆ ನಾನೂ ಆ ದಾರಿಯಲ್ಲಿ ಸ್ವಲ್ಪ ದೂರ ನಡೆದೆನು. ನನ್ನ ಹತ್ತಿರ ಓದಿದವನೊಬ್ಬನು, ಅಡಿಕೆಯ ಮರವೇರಿ ಗೊನೆ ಕೊಯ್ಯುವ ಕೆಲಸದಿಂದ ಸಂಸಾರ ನಡೆಸುತ್ತಿದ್ದವನು, ಐವತ್ತು ತುಂಬುವ ಮೊದಲೇ ತೀರಿಕೊಂಡನು. ಒಂದು ಸಹಕಾರ ಸಂಘದಲ್ಲಿ ಅವನ ಹೆಸರಿಗೆ 62,000 ರೂಪಾಯಿಗಳ ಠೇವಣಿ ಇತ್ತು. ತನ್ನ ಅನಂತರ ಹಣವನ್ನು ಯಾರಿಗೆ ಕೊಡಬೇಕೆಂದು ಬರೆಯುವ ಅಂಕಣವನ್ನು ಅವನು ಖಾಲಿ ಬಿಟ್ಟಿದ್ದನು. ಅವನ ಹೆಂಡತಿ ಕಾಗದಗಳ ಚೀಲವನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದು ನಿಂತು, "ಮಾಷ್ಟ್ರೇ, ಕೋರ್ಟಿನ ಸರ್ಟಿಫಿಕೇಟು ಬೇಕಂತೆ. ನಾನು ಅವರ ಹೆಂಡತಿ ಅಂತ ಊರಿಗೆಲ್ಲ ಗೊತ್ತುಂಟಲ್ಲ?" ಎಂದಳು.

ಈ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಊರಿಗೆ ಗೊತ್ತಿರುವುದು ಸಾಲದೆ, ಕೋರ್ಟಿಗೂ ಗೊತ್ತಾಗಬೇಕೆಂಬ ನಿಯಮವು ನಮ್ಮ ಸೀಮೆಗೆ ಯಾವಾಗ ಬಂದಿತು, ಏಕೆ ಬಂದಿತು, ಬಡವರ ಪಾಲಿಗೆ ಅದನ್ನು ಹಗುರಮಾಡುವ ಯತ್ನಗಳು ಏನೇನು ನಡೆದಿವೆ ಎಂಬುದನ್ನು ಅನಂತರ ಓದಿ ಕೇಳಿ ತಿಳಿದುಕೊಂಡೆನು. ವಕೀಲರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಅಂಗಳದಲ್ಲಿ ಚೀಲ ಹಿಡಿದು ನಿಲ್ಲುವವರಿಗೂ, ಅವರಿಗೆ ಉತ್ತರ ಹೇಳಬೇಕಾದ ನನ್ನಂತಹ ಹಳ್ಳಿಯ ಉಪಾಧ್ಯಾಯರಿಗೂ ಇದು ಉಪಯೋಗಕ್ಕೆ ಬರಬಹುದು.

ಪಾಠಶಾಲೆಯಲ್ಲಿ ಕಲಿತವನಾದುದರಿಂದ ನಾನು ಮೊದಲು ಹೋದುದು ಯಾಜ್ಞವಲ್ಕ್ಯನ ಬಳಿಗೆ. ಅವನ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, 1076ರಿಂದ 1126ರ ವರೆಗೆ ಆಳಿದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಎಂದರೆ ನಮ್ಮ ಕನ್ನಡ ನಾಡಿನವನು. ಬಂಗಾಳವೊಂದನ್ನು ಬಿಟ್ಟು ಭರತಖಂಡದ ಬಹುಭಾಗದಲ್ಲಿ ದಾಯಭಾಗದ ವಿಷಯಕ್ಕೆ ಅವನ ಮಾತೇ ಪ್ರಮಾಣವಾಯಿತು. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಆ ಭಾಗವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲಂತೂ, ಸಂಸ್ಕೃತದ ಗಂಧವಿಲ್ಲದ ನ್ಯಾಯಾಧೀಶರೂ ಕಲ್ಯಾಣದ ಪಂಡಿತನ ಹೆಸರನ್ನೆತ್ತಿ ತೀರ್ಪು ಬರೆಯತೊಡಗಿದರು. ಗಂಡುಮಕ್ಕಳಿಲ್ಲದೆ, ವಿಭಕ್ತನಾಗಿ ಸತ್ತವನ ಧನವು ಯಾರಿಗೆಂಬುದಕ್ಕೆ ಅಲ್ಲಿ ಒಂದು ಸಾಲು ಇದೆ: ಪತ್ನಿ, ಹೆಣ್ಣುಮಕ್ಕಳು, ತಾಯಿತಂದೆಗಳು, ಸೋದರರು, ಸೋದರರ ಮಕ್ಕಳು, ಗೋತ್ರಜರು, ಬಂಧುಗಳು, ಇವರಾರೂ ಇಲ್ಲವಾದರೆ ಶಿಷ್ಯನು, ಅವನೂ ಇಲ್ಲವಾದರೆ ಜೊತೆಯಲ್ಲಿ ಓದಿದವನು. ಶಿಷ್ಯನಿಗೂ ವಾರಸುದಾರಿಕೆಯುಂಟೆಂದು ಮೊದಲ ಸಲ ಓದಿದಾಗ ನಮಗೆ ನಗು ಬಂದಿತ್ತು. ಗುರುಗಳಲ್ಲಿದ್ದುದು ಎರಡು ಪಂಚೆ ಮತ್ತು ಗೆದ್ದಲು ಹಿಡಿದ ಪುಸ್ತಕಗಳು ಮಾತ್ರ. ಈಗ ನನ್ನ ಕಪಾಟನ್ನು ನೋಡಿದಾಗ ಆ ಸಾಲಿನ ಅರ್ಥ ಸ್ವಲ್ಪ ಬೇರೆಯಾಗಿ ತೋರುತ್ತದೆ.

ವಾಚಕರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಕ್ರಮವೆಲ್ಲ ಇರುವುದು ವಿಭಕ್ತನ ವಿಷಯಕ್ಕೆ. ಅವಿಭಕ್ತ ಕುಟುಂಬದಲ್ಲಿ ಮಗನಿಗೆ ಪಿತ್ರಾರ್ಜಿತದ ಮೇಲಿನ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ತಂದೆ ಬದುಕಿರುವುದು ಅದಕ್ಕೆ ಅಡ್ಡಿಯಾಗುವುದಿಲ್ಲ. ಇದನ್ನೇ ಮಿತಾಕ್ಷರಕಾರನು ಅಪ್ರತಿಬಂಧ ದಾಯವೆಂದು ಕರೆದನು. ತಂದೆ ಸತ್ತ ದಿವಸ ಕಾನೂನಿನ ಕಣ್ಣಿಗೆ ಸೊತ್ತು ಎಲ್ಲಿಗೂ ಹೋಗುವುದಿಲ್ಲ. ಇದ್ದವರ ಕೈಯಲ್ಲಿಯೇ ಇರುತ್ತದೆ, ಹಕ್ಕುದಾರರಲ್ಲಿ ಒಬ್ಬನು ಕಡಿಮೆಯಾಗುತ್ತಾನೆ. ಮನೆಯೇ ಒಡೆಯನಾಗಿರುವಾಗ ಒಡೆಯನು ಸತ್ತನೆಂದು ಯಾರಿಗೆ ಅರ್ಜಿ ಹಾಕಬೇಕು? ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಹಿರಿಯರು ಜಗಲಿಯಲ್ಲಿ ಕುಳಿತು, ಮೃತನು ಕೊಡಬೇಕಾದ ಸಾಲವೆಷ್ಟು, ಬರಬೇಕಾದುದೆಷ್ಟು ಎಂದು ಲೆಕ್ಕ ಹೇಳಿ, ಮುಂದಿನ ಯಜಮಾನನ ಮುಂದೆ ಪೆಟ್ಟಿಗೆಯ ಬೀಗದಕೈಯನ್ನು ಇಡುವುದು ನಮ್ಮ ಮನೆಗಳಲ್ಲಿ ನಾನು ಹುಡುಗನಾಗಿದ್ದಾಗಲೂ ನಡೆಯುತ್ತಿತ್ತು. ಕೊಡಬೇಕಾದುದನ್ನು ಮೊದಲು ಹೇಳುತ್ತಿದ್ದರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ತಂದೆಯ ಋಣವನ್ನು ಮಗನೂ ಮೊಮ್ಮಗನೂ ತೀರಿಸಬೇಕೆಂಬ ಯಾಜ್ಞವಲ್ಕ್ಯನ ವಿಧಿಯು ನಮ್ಮ ಜಗಲಿಗಳಲ್ಲಿ ಬಹುಕಾಲ ಬದುಕಿತ್ತು.

ಇದು ಚಿತ್ಪಾವನರೇ ಮೊದಲಾದ ಮಕ್ಕಳಸಂತಾನದವರ ಮಾತಾಯಿತು. ನಮ್ಮ ಸೀಮೆಯ ಬಹುಜನರು, ಎಂದರೆ ಬಂಟರು, ಬಿಲ್ಲವರು, ಮೂಡಬಿದಿರೆ ವೇಣೂರುಗಳ ಜೈನರು ಮುಂತಾದವರು, ಅಳಿಯಸಂತಾನದವರಷ್ಟೆ. ಭೂತಾಳಪಾಂಡ್ಯನ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ತುಳುನಾಡಿನಲ್ಲಿ ಅದನ್ನರಿಯದ ಮಕ್ಕಳಿಲ್ಲ. ಅವನ ಹೆಸರಿನ ಕಟ್ಟುಕಟ್ಟಳೆಯ ಗ್ರಂಥವನ್ನು ಕೋರ್ಟುಗಳು ಕೆಲವು ಕಾಲ ಪ್ರಮಾಣವಾಗಿ ಹಿಡಿದುವು. ಸಂಸ್ಕೃತ ವಿದ್ವಾಂಸರೂ ನಮ್ಮ ಜಿಲ್ಲೆಯಲ್ಲಿ ನ್ಯಾಯಾಧಿಕಾರಿಗಳೂ ಆಗಿದ್ದ ಬರ್ನೆಲ್ ಸಾಹೇಬರು ಅದು ಈಚಿನವರ ಕಲ್ಪನೆಯೆಂದು ಖಂಡಿಸಿದರು. ಗ್ರಂಥವು ಹೇಗಾದರೂ ಇರಲಿ, ಆಚಾರವು ಗ್ರಂಥಕ್ಕಿಂತ ಹಳೆಯದು. ಆ ಆಚಾರದಂತೆ ಕುಟುಂಬದ ಸೊತ್ತು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ; ಯಜಮಾನನು ಸತ್ತರೆ ಹಿರಿತನದಲ್ಲಿ ಮುಂದಿನವರು ಗಡಿ ಹಿಡಿಯುತ್ತಾರೆ. 1863ರಲ್ಲಿ ಮದರಾಸು ಹೈಕೋರ್ಟು, ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಬಯಸಿದ ಮಾತ್ರಕ್ಕೆ ಪಾಲು ಮಾಡಿಸಲಾಗದು ಎಂದು ತೀರ್ಮಾನಿಸಿದ ಮೇಲೆ ಮನೆಯ ಕಟ್ಟು ಮತ್ತಷ್ಟು ಗಟ್ಟಿಯಾಯಿತು. ಆದರೆ ಈ ಕಟ್ಟಿನಲ್ಲಿ ಒಂದು ಕಠಿನವಾದ ಅಂಶವಿತ್ತು. ಗಂಡಸೊಬ್ಬನು ತನ್ನ ಬೆವರಿನಿಂದ ಗಳಿಸಿ ಏನೂ ಬರೆದಿಡದೆ ಸತ್ತರೆ, ಆ ಗಳಿಕೆಯೂ ಅವನ ತಾಯಿಮನೆಯ ಕುಟುಂಬಕ್ಕೆ ಸೇರುತ್ತಿತ್ತು, ಹೆಂಡತಿಮಕ್ಕಳಿಗೆ ಹಕ್ಕಿರಲಿಲ್ಲ. ಮಕ್ಕಳು ತಮ್ಮ ತಾಯಿಯ ಕುಟುಂಬದವರೆಂಬುದೇ ಅದರ ನ್ಯಾಯ. ಮಲೆಯಾಳದ ಮರುಮಕ್ಕತ್ತಾಯದವರಿಗೆ 1932ರಲ್ಲಿಯೇ ಮದರಾಸು ಸರಕಾರದ ಕಾಯಿದೆಯಾಯಿತು. ನಮ್ಮವರು 1949ರ ಅಳಿಯಸಂತಾನ ಕಾಯಿದೆಯ ವರೆಗೆ ಕಾದರು. ಕವರು ಕವರಾಗಿ ಪಾಲು ಕೇಳುವ ಹಕ್ಕು ಆ ಕಾಯಿದೆಯಿಂದ ಬಂದಿತು.

ಹೀಗೆ ಎರಡು ಪದ್ಧತಿಗಳು ಒಂದೇ ಊರಿನಲ್ಲಿ ಅಕ್ಕಪಕ್ಕದ ತೋಟಗಳಲ್ಲಿ ನಡೆಯುತ್ತಿದ್ದರೂ, ಎರಡಕ್ಕೂ ಸಮಾನವಾದ ಒಂದು ಲಕ್ಷಣವಿತ್ತು. ಸೊತ್ತೆಂದರೆ ಭೂಮಿ, ಭೂಮಿಯು ಕಣ್ಣಿಗೆ ಕಾಣುವ ವಸ್ತು, ಅದನ್ನು ಯಾರು ಉಳುತ್ತಾರೆ, ಯಾರು ತೀರ್ವೆ ಕೊಡುತ್ತಾರೆ ಎಂಬುದು ನೆರೆಯವರಿಗೆಲ್ಲ ತಿಳಿದದ್ದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಈ ಸೀಮೆಯು ಕುಂಪಣಿಯವರ ಕೈಸೇರಿದಾಗ ಕಲೆಕ್ಟರಾಗಿ ಬಂದ ಮನ್ರೋ ಸಾಹೇಬರು, 1800ನೆಯ ಇಸವಿ ಮೇ ತಿಂಗಳ 31ನೆಯ ತಾರೀಕಿನ ತಮ್ಮ ಪ್ರಸಿದ್ಧವಾದ ಪತ್ರದಲ್ಲಿ, ಕೆನರಾದಲ್ಲಿ ಭೂಮಿಯು ಖಾಸಗಿ ಸೊತ್ತಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದನ್ನು ವಿವರಿಸಿ ಬರೆದರು. ಶಾನುಭೋಗರ ಕಡತಗಳೂ, ವರ್ಗದಾರನ ಕೈಯಲ್ಲಿದ್ದ ಮೂಲಪತ್ರಗಳೂ ಅವರಿಗೆ ಆಧಾರವಾದುವು. ಮನೆಯವರ ನೆನಪು, ನೆರೆಯವರ ಸಾಕ್ಷಿ, ಶಾನುಭೋಗನ ಕಡತ ಇವು ಮೂರೂ ಒಂದೇ ಮಾತನ್ನು ಹೇಳುತ್ತಿರುವ ತನಕ ಕೋರ್ಟಿನ ಮುದ್ರೆಗೆ ಕೆಲಸವಿರಲಿಲ್ಲ.

ಇನ್ನು ಮರಣಶಾಸನದ ಕಥೆ. ಸತ್ತ ಮೇಲೆ ನಡೆಯಬೇಕಾದುದನ್ನು ಬದುಕಿದ್ದಾಗ ಬರೆದಿಡುವುದು ಇಂಗ್ಲಿಷರ ರೂಢಿ; ನಮ್ಮ ಸ್ಮೃತಿಗಳಲ್ಲಿ ಆ ರೂಪದಲ್ಲಿ ಇಲ್ಲ. ಆರೋಗ್ಯದಲ್ಲಾಗಲಿ ರೋಗದಲ್ಲಾಗಲಿ ಧರ್ಮಕ್ಕಾಗಿ ಕೊಡುತ್ತೇನೆಂದು ಹೇಳಿದವನು ಕೊಡದೆ ಸತ್ತರೆ ಮಗನಿಂದ ಅದನ್ನು ಕೊಡಿಸಬೇಕೆಂದು ಕಾತ್ಯಾಯನನ ಹೆಸರಿನಲ್ಲಿ ಒಂದು ವಿಧಿಯುಂಟು. ಮರಣಶಾಸನದ ಬೀಜವನ್ನು ಕೆಲವು ಪಂಡಿತರು ಅದರಲ್ಲಿ ಹುಡುಕಿದರು. ಅದೇನಿದ್ದರೂ 1829ರ ಐದನೆಯ ರೆಗ್ಯುಲೇಷನ್ನಿನಲ್ಲಿ ಮದರಾಸು ಸರಕಾರವು, ಹಿಂದೂಗಳ ಮರಣಶಾಸನಗಳು ಹಿಂದೂ ಧರ್ಮಶಾಸ್ತ್ರಕ್ಕೆ ಒಪ್ಪುವಷ್ಟರ ಮಟ್ಟಿಗೆ ಮಾತ್ರ ನಡೆಯತಕ್ಕವು ಎಂದು ಕಟ್ಟುಮಾಡಿತು. 1856ರಲ್ಲಿ ವಿಲಾಯತಿಯ ಪ್ರಿವಿ ಕೌನ್ಸಿಲು, ಪ್ರಾಚೀನ ಶಾಸ್ತ್ರದಲ್ಲಿ ಮರಣಶಾಸನವಿಲ್ಲದಿದ್ದರೂ ಕಾಲಕ್ರಮದಲ್ಲಿ ಆ ಕಟ್ಟು ಸಡಿಲವಾಗಿದೆ ಎಂದು ಒಪ್ಪಿತು. ಆಮೇಲೆ 1870ರ ಹಿಂದೂ ವಿಲ್ಲುಗಳ ಕಾಯಿದೆ. ಅದು ಬಂಗಾಳದ ಕಡೆಗೂ ಮದರಾಸು ಮುಂಬಯಿ ಪಟ್ಟಣಗಳಿಗೂ ಮಾತ್ರ ಅನ್ವಯಿಸಿತು. ಆ ಪ್ರದೇಶಗಳಲ್ಲಿ ಮರಣಶಾಸನವು ನಿಜವಾದುದೆಂದು ಕೋರ್ಟು ಮುದ್ರೆಯೊತ್ತಿ ಕೊಡುವ ಪ್ರೊಬೇಟಿಲ್ಲದೆ, ಅದರಿಂದ ಬರುವ ಹಕ್ಕನ್ನು ಕೋರ್ಟಿನಲ್ಲಿ ಸಾಧಿಸುವಂತಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯು ಅದರ ಹೊರಗೆ ಉಳಿಯಿತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಈ ಭೇದವನ್ನು 57 ಮತ್ತು 213ನೆಯ ಕಲಮುಗಳಲ್ಲಿ ಹಾಗೆಯೇ ಇರಿಸಿಕೊಂಡಿತು. ಆದುದರಿಂದ ಮುಂಡಾಜೆಯ ಹಿಂದೂ ಒಬ್ಬನು ಮುಂಡಾಜೆಯ ತೋಟದ ವಿಷಯವಾಗಿ ಬರೆದ ಮರಣಶಾಸನಕ್ಕೆ ಪ್ರೊಬೇಟು ಎಂದೂ ಅವಶ್ಯವಾಗಿರಲಿಲ್ಲ. ಅವನಿಗೆ ಮುಂಬಯಿಯಲ್ಲಿ ಒಂದು ಖೋಲಿ ಸ್ವಂತವಾಗಿದ್ದರೆ ಅದಕ್ಕೆ ಅವಶ್ಯವಾಗುತ್ತಿತ್ತು. ನಮ್ಮ ಕಡೆಯಿಂದ ಹೋಟೆಲು ಕೆಲಸಕ್ಕೆ ಹೋಗಿ ಅಲ್ಲಿ ನೆಲೆನಿಂತವರ ಮಕ್ಕಳು ಇದರಿಂದ ಪಟ್ಟ ಪಾಡು ಅವರಿಗೇ ಗೊತ್ತು. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಆ 213ನೆಯ ಕಲಮನ್ನೇ ತೆಗೆದುಹಾಕಿತು. ನೂರೈವತ್ತು ವರ್ಷಗಳಿಗೆ ಮಿಕ್ಕಿದ ಭೇದವು ಹೀಗೆ ಸದ್ದಿಲ್ಲದೆ ಹೋಯಿತು.

ಪ್ರೊಬೇಟು ಬೇಡವೆಂದ ಮಾತ್ರಕ್ಕೆ ಹೇಗೆ ಬರೆದರೂ ನಡೆಯುತ್ತದೆಂದು ತಿಳಿಯಬಾರದು. 1927ನೆಯ ಇಸವಿಗೆ ಮುಂಚೆ ನಮ್ಮ ಕಡೆಯ ಹಿಂದೂವು ಬಾಯಿಮಾತಿನಲ್ಲಿಯೂ ಮರಣಶಾಸನವನ್ನು ಮಾಡಬಹುದಾಗಿತ್ತು. ಆ ವರ್ಷದ ಜನವರಿ ಮೊದಲನೆಯ ತಾರೀಕಿನಿಂದ ಬರೆಹವೂ, ಬರೆಯಿಸಿದವನ ಸಹಿಯೂ, ಇಬ್ಬರು ಸಾಕ್ಷಿಗಳೂ ಎಲ್ಲ ಹಿಂದೂಗಳಿಗೂ ಕಡ್ಡಾಯವಾದುವು. ನನ್ನ ತಂದೆಯವರು ತಮ್ಮ ಕೊನೆಯ ಕಾಲದಲ್ಲಿ ಒಂದು ಹಾಳೆಯ ಮೇಲೆ ಮುತ್ತಿನಂತಹ ಅಕ್ಷರಗಳಲ್ಲಿ ತಮ್ಮ ಇಷ್ಟವನ್ನು ಬರೆದು, ನೆರೆಮನೆಯ ಒಬ್ಬರಿಂದ ಮಾತ್ರ ಸಾಕ್ಷಿ ಹಾಕಿಸಿ, ಪಂಚಾಂಗದೊಳಗೆ ಇಟ್ಟಿದ್ದರು. ಕಾಯಿದೆಯ ಪ್ರಕಾರ ಅದು ಬರಿಯ ಕಾಗದ. ನಾವು ಅಣ್ಣತಮ್ಮಂದಿರು ಅದನ್ನು ವಕೀಲರೊಬ್ಬರಿಗೆ ತೋರಿಸಿದಾಗ ಅವರು ಎರಡೇ ನಿಮಿಷದಲ್ಲಿ ಹಿಂದಕ್ಕೆ ಕೊಟ್ಟರು. ಕೊನೆಗೆ ಅದರಲ್ಲಿದ್ದಂತೆಯೇ ನಾವು ಪಾಲುಪಟ್ಟಿ ಬರೆದು ರಿಜಿಸ್ಟ್ರಿ ಮಾಡಿಸಿಕೊಂಡೆವು. ತೆಂಕುಮಗ್ಗುಲಿನ ಗದ್ದೆಯ ವಿಷಯದಲ್ಲಿ ನಮ್ಮ ಎರಡನೆಯ ಅಣ್ಣನಿಗೆ ಅಸಮಾಧಾನವಿದ್ದಿತು. ಕಾಯಿದೆ ತನ್ನ ಪಕ್ಷದಲ್ಲಿದೆಯೆಂಬುದೂ ಅವನಿಗೆ ತಿಳಿದಿತ್ತು. ಅವನು ಸಹಿ ಹಾಕಿದನು. ಆದರೆ ಅವನು ಸಹಿ ಹಾಕದೆ ಇದ್ದಿದ್ದರೆ ತಪ್ಪು ಅವನದೆಂದು ನಾನು ಹೇಳಲಾರೆ. ಇನ್ನೊಂದು ಸಾಕ್ಷಿಗೆ ಪಕ್ಕದ ಮನೆಯವರೆಗೆ ನಡೆಯಬೇಕಾಗಿತ್ತು, ಅಷ್ಟೆ.

ಈಗ ನನ್ನ ಶಿಷ್ಯನ ಹೆಂಡತಿಯನ್ನು ಕೇಳಿದ ಸರ್ಟಿಫಿಕೇಟಿನ ವಿಚಾರಕ್ಕೆ ಬರುವೆನು. ಭೂಮಿಯು ಕಾಣುವ ವಸ್ತು ಎಂದೆನಷ್ಟೆ, ಹಣವು ಹಾಗಲ್ಲ. ಅದು ಪರರ ಕೈಯಲ್ಲಿರುವ ವಸ್ತು. ಸಾಲಗಾರನು ಸಾಲಕೊಟ್ಟವನ ಮನೆಯವನಲ್ಲ, ಊರಿನವನೂ ಆಗಿರಲಿಕ್ಕಿಲ್ಲ. ಕೊಟ್ಟವನು ಸತ್ತಾಗ ಹೆಂಡತಿಯೊಬ್ಬಳು, ತಮ್ಮನೊಬ್ಬನು, ದತ್ತುಮಗನೆನ್ನುವವನೊಬ್ಬನು ಹೀಗೆ ಮೂವರು ಬಂದು ಕೇಳಿದರೆ ಅವನು ಯಾರಿಗೆ ಕೊಡಬೇಕು? ಒಬ್ಬರಿಗೆ ಕೊಟ್ಟು ಮತ್ತೊಬ್ಬರಿಂದ ದಾವೆ ಹಾಕಿಸಿಕೊಳ್ಳುವ ಭಯದಿಂದ ಅವನು ಯಾರಿಗೂ ಕೊಡುವುದಿಲ್ಲ. ಕೊಡಲು ಮನಸ್ಸಿಲ್ಲದವನಿಗೆ ಅದು ಒಳ್ಳೆಯ ನೆವವೂ ಆಗುತ್ತದೆ. ಈ ತೊಡಕನ್ನು ಬಿಡಿಸುವುದಕ್ಕಾಗಿ 1841ರಲ್ಲಿ ಇಪ್ಪತ್ತನೆಯ ಕಾಯಿದೆ ಹುಟ್ಟಿತು. 1860ರಲ್ಲಿ ಇಪ್ಪತ್ತೇಳನೆಯ ಕಾಯಿದೆಯಾಗಿ, 1889ರಲ್ಲಿ ಏಳನೆಯ ಕಾಯಿದೆಯಾಗಿ ಅದು ಹೊಸ ರೂಪ ತಾಳಿ, 1925ರ ಕಾಯಿದೆಯ ಹತ್ತನೆಯ ಭಾಗದಲ್ಲಿ ಇಂದಿಗೂ ಇದೆ. ಜಿಲ್ಲಾ ನ್ಯಾಯಾಧೀಶರಲ್ಲದೆ, ಸರಕಾರವು ಅಧಿಕಾರ ಕೊಟ್ಟ ಕೆಳಗಿನ ಕೋರ್ಟುಗಳೂ ಈ ಸರ್ಟಿಫಿಕೇಟನ್ನು ಕೊಡಬಹುದು.

ಇದರ ಹುರುಳನ್ನು ತಿಳಿದುಕೊಳ್ಳದೆಯೇ ನಾವು ಅದನ್ನು ಬಯ್ಯುತ್ತೇವೆ. ವಾರಸುದಾರನು ಯಾರೆಂದು ಶಾಶ್ವತವಾಗಿ ತೀರ್ಮಾನಿಸುವ ಕಾಗದ ಇದಲ್ಲ. ಹಕ್ಕಿನ ಪ್ರಶ್ನೆಯು ಬಹಳ ಜಟಿಲವಾಗಿದ್ದರೆ ನ್ಯಾಯಾಧೀಶರು ಅದನ್ನು ಬಿಡಿಸುವ ಗೋಜಿಗೆ ಹೋಗದೆ, ಮೇಲುನೋಟಕ್ಕೆ ಯಾರ ಹಕ್ಕು ಹೆಚ್ಚೆಂದು ತೋರುವುದೊ ಅವರಿಗೆ ಕೊಡಬಹುದು. ಬೇಕೆಂದಾದರೆ ಕೈಗೆ ಸಿಕ್ಕಿದ ಹಣದ ಲೆಕ್ಕ ಕೊಡುವುದಾಗಿ ಅವರಿಂದ ಮುಚ್ಚಳಿಕೆಯನ್ನೂ ಜಾಮೀನನ್ನೂ ತೆಗೆದುಕೊಳ್ಳಬಹುದು. ಆಮೇಲೆ ಬೇರೊಬ್ಬನು ದಾವೆ ಹೂಡಿ ಅದೇ ಪ್ರಶ್ನೆಯನ್ನು ಮತ್ತೆ ಎತ್ತುವುದಕ್ಕೆ ಅಡ್ಡಿಯಿಲ್ಲ. ಹಾಗಾದರೆ ಇದರ ಪ್ರಯೋಜನವೇನು? ಸರ್ಟಿಫಿಕೇಟು ಹಿಡಿದು ಬಂದವನಿಗೆ ಪ್ರಾಮಾಣಿಕವಾಗಿ ಹಣಕೊಟ್ಟ ಸಾಲಗಾರನು ಋಣಮುಕ್ತನಾದನು, ಅವನನ್ನು ಇನ್ನಾರೂ ಕೇಳುವಂತಿಲ್ಲ ಎಂಬುದು. ಎಂದರೆ, ವಿಧವೆಯ ಹೆಸರಿನಲ್ಲಿ ಬರೆಯಲ್ಪಡುವ ಈ ಕಾಗದವು ಕಾಪಾಡುವುದು ಮುಖ್ಯವಾಗಿ ಹಣ ಕೊಡುವವನನ್ನು. ಅದರ ಖರ್ಚು ಮಾತ್ರ ವಿಧವೆಯದು: ಮೊಬಲಗಿಗೆ ತಕ್ಕ ಕೋರ್ಟು ಫೀಸು, ವಕೀಲರ ಫೀಸು, ನೋಟೀಸಿನ ಖರ್ಚು, ಕೂಲಿ ಬಿಟ್ಟು ಕಳೆದ ದಿವಸಗಳು. ಲಕ್ಷಾಂತರದ ಸೊತ್ತಿಗೂ ಸಾವಿರಗಳ ಠೇವಣಿಗೂ ಮೆಟ್ಟಲುಗಳು ಒಂದೇ. ಸಣ್ಣ ಮೊತ್ತದಲ್ಲಿ ಅವುಗಳ ಖರ್ಚು ಕಳೆದು ಉಳಿಯುವುದು ಅಲ್ಪ.

ಈ ಅನ್ಯಾಯವು ಸರಕಾರಕ್ಕೆ ಕಾಣದೆ ಇರಲಿಲ್ಲ. 1873ರ ಸರಕಾರಿ ಉಳಿತಾಯ ಬ್ಯಾಂಕುಗಳ ಕಾಯಿದೆಯಲ್ಲಿಯೇ, ಒಂದು ಮಿತಿಯೊಳಗಿನ ಠೇವಣಿಯನ್ನು ಪ್ರೊಬೇಟು, ಸರ್ಟಿಫಿಕೇಟುಗಳನ್ನು ಕೇಳದೆ, ಹಕ್ಕುಳ್ಳವನೆಂದು ಅಧಿಕಾರಿಗೆ ತೋರಿದವನಿಗೆ ಕೊಡಬಹುದೆಂಬ ಏರ್ಪಾಡಾಯಿತು. ಹಳ್ಳಿಯ ಪೋಸ್ಟಾಪೀಸಿನ ಪಾಸುಪುಸ್ತಕವನ್ನು ಬಡವರು ನಂಬಿದುದಕ್ಕೆ ಇದೂ ಒಂದು ಕಾರಣವಿರಬಹುದು. 2018ರ ನಿಯಮಗಳಂತೆ ಈ ಮಿತಿಯು 5 ಲಕ್ಷ ರೂಪಾಯಿಗಳು. ಪ್ರಮಾಣಪತ್ರ, ಇತರ ವಾರಸುದಾರರ ಒಪ್ಪಿಗೆ, ನಷ್ಟಭರ್ತಿಯ ಮುಚ್ಚಳಿಕೆ ಇಷ್ಟಿದ್ದರೆ ಸಾಕು. ಬ್ಯಾಂಕುಗಳು ಬಹುಕಾಲ ತಮತಮಗೆ ತೋಚಿದ ಮಿತಿಗಳನ್ನು ಇಟ್ಟುಕೊಂಡಿದ್ದುವು. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಎಲ್ಲಕ್ಕೂ ಒಂದೇ ಕ್ರಮವನ್ನು ವಿಧಿಸಿ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ, ಇತರ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿಗಳ ವರೆಗೆ, ತಕರಾರಿಲ್ಲದಿದ್ದರೆ, ಕೋರ್ಟಿನ ಕಾಗದವನ್ನು ಕೇಳಕೂಡದೆಂದೂ, ಬೇಕಾದ ಕಾಗದಗಳೆಲ್ಲ ಬಂದ 15 ದಿವಸಗಳೊಳಗೆ ಹಣ ಕೊಡಬೇಕೆಂದೂ, 2026ರ ಮಾರ್ಚಿ 31ರೊಳಗೆ ಇದನ್ನು ಜಾರಿಗೆ ತರಬೇಕೆಂದೂ ಆಜ್ಞೆ ಮಾಡಿತು. ಹಳ್ಳಿಗಳ ಪ್ರಾಥಮಿಕ ಕೃಷಿ ಸಹಕಾರ ಸಂಘಗಳು ಮಾತ್ರ ರಿಸರ್ವ್ ಬ್ಯಾಂಕಿನ ಈ ಆಜ್ಞೆಯ ಒಳಗೆ ಬರುವುದಿಲ್ಲ. ಅವು 1959ರ ರಾಜ್ಯ ಸಹಕಾರ ಕಾಯಿದೆಗೂ ತಮ್ಮ ಉಪನಿಯಮಗಳಿಗೂ ಒಳಪಟ್ಟವು. ನಮ್ಮ ಸೀಮೆಯ ಅಡಿಕೆಯ ಹಣವೂ ಕೂಲಿಯ ಹಣವೂ ಹೆಚ್ಚಾಗಿ ಇರುವುದು ಅಲ್ಲಿಯೇ.

ಇನ್ನೊಂದು ದಾರಿಯು ಇದ್ದೂ ಇಲ್ಲದಂತಾಗಿದೆ. ಇಲ್ಲಿ ಸತ್ತ ಇಂಗ್ಲಿಷರ ಸೊತ್ತನ್ನು ನೋಡಿಕೊಳ್ಳುವುದಕ್ಕಾಗಿ ಹುಟ್ಟಿದ ಅಡ್ಮಿನಿಸ್ಟ್ರೇಟರ್ ಜನರಲ್ ಎಂಬ ಅಧಿಕಾರಿ 1874 ಮತ್ತು 1913ರ ಕಾಯಿದೆಗಳನ್ನು ದಾಟಿ, 1963ರ ಕಾಯಿದೆಯ ಮೇರೆಗೆ ಇಂದಿಗೂ ರಾಜ್ಯಕ್ಕೊಬ್ಬನಂತೆ ಇದ್ದಾನೆ. ಸಣ್ಣ ಸೊತ್ತಿನ ವಿಷಯದಲ್ಲಿ ಕೋರ್ಟಿಗೆ ಹೋಗದೆ ಇವನಿಂದಲೇ ಒಂದು ಸರ್ಟಿಫಿಕೇಟನ್ನು ಪಡೆಯಬಹುದು. ಅದರ ಮಿತಿಯನ್ನು 2012ರ ತಿದ್ದುಪಡಿಯು 2 ಲಕ್ಷದಿಂದ 10 ಲಕ್ಷಕ್ಕೆ ಏರಿಸಿತು. ಆದರೆ ಮುಂಡಾಜೆಯಲ್ಲಿ ಹೋಗಲಿ, ಬೆಳ್ತಂಗಡಿಯಲ್ಲಿಯೂ ಈ ಅಧಿಕಾರಿಯ ಹೆಸರನ್ನು ಕೇಳಿದವರು ನನಗೆ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ 1965ರಲ್ಲಿ ಇದಕ್ಕಾಗಿಯೇ ಕಾಯಿದೆಯಾಗಿ, 1984ರಿಂದ 5,000 ಪೌಂಡುಗಳ ವರೆಗಿನ ಹಲವು ಬಗೆಯ ಪಾವತಿಗಳು ಪ್ರೊಬೇಟಿಲ್ಲದೆ ನಡೆಯುತ್ತಿವೆ. ಅಮೆರಿಕದಲ್ಲಿ 1969ರಲ್ಲಿ ಸಿದ್ಧಪಡಿಸಿದ ಮಾದರಿ ಕಾಯಿದೆಯಲ್ಲಿ, ಮರಣವಾಗಿ 30 ದಿವಸ ಕಳೆದ ಮೇಲೆ ವಾರಸುದಾರನು ತಾನೇ ಪ್ರಮಾಣಮಾಡಿ ಬರೆದುಕೊಟ್ಟ ಕಾಗದದ ಮೇಲೆ ಸಣ್ಣ ಸೊತ್ತನ್ನು ಒಪ್ಪಿಸುವ ಕ್ರಮವಿದೆ. ಮೂವತ್ತು ದಿವಸವೇ ಏಕೆಂದು ನಾನು ತಿಳಿಯೆ. ಹದಿಮೂರು ದಿವಸ ಅವರಿಗೆ ಸಾಲದಾಯಿತೆಂದು ತೋರುತ್ತದೆ.

ನಾಮನಿರ್ದೇಶನದ ವಿಷಯದಲ್ಲಿ ನಮ್ಮವರಿಗೆ ಇರುವ ಭ್ರಾಂತಿಯನ್ನು ಇಲ್ಲಿ ಹೇಳಲೇಬೇಕು. ಹೆಸರು ಬರೆಯಲ್ಪಟ್ಟವನೇ ಹಣದ ಒಡೆಯನೆಂದು ಹಲವರ ನಂಬಿಕೆ. 1984ರಲ್ಲಿ ಸುಪ್ರೀಂ ಕೋರ್ಟು ವಿಮೆಯ ಹಣದ ವಿಷಯದಲ್ಲಿ, 2010ರಲ್ಲಿ ಬ್ಯಾಂಕಿನ ಠೇವಣಿಯ ವಿಷಯದಲ್ಲಿ, 2023ರಲ್ಲಿ ಕಂಪೆನಿಯ ಷೇರುಗಳ ವಿಷಯದಲ್ಲಿ ಒಂದೇ ಮಾತನ್ನು ಹೇಳಿತು: ಅವನು ಹಣವನ್ನು ಕೈಯಲ್ಲಿ ಪಡೆಯುವವನು ಮಾತ್ರ, ಅದು ನ್ಯಾಯವಾಗಿ ಸೇರಬೇಕಾದುದು ವಾರಸುದಾರರಿಗೆ. 2025ರ ನವೆಂಬರು ಮೊದಲನೆಯ ತಾರೀಕಿನಿಂದ ಬ್ಯಾಂಕಿನ ಠೇವಣಿಗೆ ನಾಲ್ವರ ವರೆಗೆ ಹೆಸರು ಬರೆಯಬಹುದಾಗಿದೆ. ಭೂಮಿಗಾದರೊ ಪೌತಿ ಖಾತೆಯೆಂಬ ಬೇರೆಯೇ ಮಾರ್ಗ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ ಪ್ರಕಾರ, ವಂಶವೃಕ್ಷವನ್ನೂ ಮರಣದ ದಾಖಲೆಯನ್ನೂ ಕೊಟ್ಟು, ತಕರಾರಿಗೆ ಅವಧಿ ಕಳೆದ ಮೇಲೆ ಪಹಣಿಯಲ್ಲಿ ವಾರಸುದಾರರ ಹೆಸರು ಏರುತ್ತದೆ. ಅಲ್ಲಿಯೂ ಹೆಸರು ಏರಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಚಿನ್ನಕ್ಕೆ ಯಾವ ಕಾಗದವೂ ಬೇಡ. ಜಗಳಗಳಲ್ಲಿ ಅರ್ಧಾಂಶ ಅದರದೇ ಎಂದು ನನ್ನ ಅನುಭವ.

ಆ ಸಂಘದವರ ವಿಷಯಕ್ಕೆ ಮರಳುವೆನು. ಕಾರ್ಯದರ್ಶಿಯವರು ಕೆಟ್ಟವರಲ್ಲ, ಹಿಂದೆ ಒಮ್ಮೆ ಇಂತಹ ಹಣ ಕೊಟ್ಟು ಕೈಸುಟ್ಟುಕೊಂಡವರಂತೆ. ಉಪನಿಯಮಗಳ ಪುಸ್ತಕವನ್ನು ಅವರೂ ನಾನೂ ಕೂಡಿ ಓದಿದೆವು. ಎಲ್ಲ ವಾರಸುದಾರರೂ ಒಪ್ಪಿ, ಇಬ್ಬರು ಸದಸ್ಯರು ಜಾಮೀನು ನಿಂತರೆ, ಆಡಳಿತ ಸಮಿತಿಯ ನಿರ್ಣಯದಿಂದ ಸಣ್ಣ ಠೇವಣಿಯನ್ನು ಕೊಡಬಹುದೆಂದು ಒಂದು ಮೂಲೆಯಲ್ಲಿ ಇತ್ತು. ಜಾಮೀನಿಗೆ ನಾನೊಬ್ಬನು, ತೋಟದ ಧಣಿಗಳೊಬ್ಬರು. ವಾರಸುದಾರರು ಯಾರು? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮಗ, ಮಗಳು, ತಾಯಿ ನಾಲ್ವರಿಗೂ ಸಮಭಾಗ: ತಲಾ 15,500 ರೂಪಾಯಿ. ಮಗನು ಬೆಂಗಳೂರಿನಿಂದ ಒಪ್ಪಿಗೆಯನ್ನು ಬರೆದು ಕಳುಹಿಸಿದನು. ಮಗಳು ಅಪ್ರಾಪ್ತವಯಸ್ಕಳಾದುದರಿಂದ ಅವಳ ಭಾಗವನ್ನು ಅವಳ ಹೆಸರಿನಲ್ಲಿಯೇ ಠೇವಣಿಯಿಡುವುದೆಂದಾಯಿತು. ಉಳಿದವಳು ಮುದುಕಿ, ಮೃತನ ತಾಯಿ. ಅವಳು ಹೆಬ್ಬೆಟ್ಟು ಒತ್ತಿ ತನ್ನ ಪಾಲನ್ನು ಸೊಸೆಗೆ ಬಿಟ್ಟುಕೊಡುವಳೆಂದು ನಾನು ಕೇಳದೆಯೇ ನಿಶ್ಚಯಿಸಿ, ಕಾಗದವನ್ನು ಹಾಗೆಯೇ ಬರೆಯಿಸಿಕೊಂಡು ಹೋಗಿದ್ದೆನು.

ಓದಿ ಹೇಳಿದಾಗ ಅವಳು ಹೆಬ್ಬೆಟ್ಟು ಒತ್ತಲಿಲ್ಲ. "ಮಾಷ್ಟ್ರೇ, ಅವನು ನನ್ನ ಮಗ ಅಲ್ವಾ? ನನ್ನ ಹೆಸರು ಅದರಲ್ಲಿ ಉಂಟಾದರೆ ಇರಲಿ" ಎಂದಳು. ಸೊಸೆಯ ಮುಖ ಸಣ್ಣದಾಯಿತು. ನನಗೂ ಮೊದಲು ಕೋಪವೇ ಬಂದಿತು, ಆಮೇಲೆ ನಾಚಿಕೆಯಾಯಿತು. ಅವರದು ಅಳಿಯಸಂತಾನದ ಮನೆ. ಹಿಂದಿನ ಕಟ್ಟಳೆಯು ನಡೆಯುತ್ತಿದ್ದರೆ 62,000ವೂ ಈ ಮುದುಕಿಯ ಕುಟುಂಬಕ್ಕೇ ಸೇರಿ, ಸೊಸೆ ಬರಿಗೈಯಲ್ಲಿ ತವರಿಗೆ ಹೋಗಬೇಕಾಗುತ್ತಿತ್ತು. ನನ್ನ ಯಾಜ್ಞವಲ್ಕ್ಯನ ಸಾಲಿನಲ್ಲಾದರೊ ಮಗನಿರುವಾಗ ಹೆಂಡತಿಗೂ ತಾಯಿಗೂ ಇಬ್ಬರಿಗೂ ಏನೂ ಇರಲಿಲ್ಲ. ಈಗಿನ ಕಾಯಿದೆ ಇಬ್ಬರನ್ನೂ ಒಂದೇ ಮಣೆಯ ಮೇಲೆ ಕುಳ್ಳಿರಿಸಿದೆ. ಅದನ್ನು ಮುದುಕಿಗೆ ಹೇಳದೆ ದಾಟಿಬಿಡಲು ಹೊರಟವನು ಉಪಾಧ್ಯಾಯನಾದ ನಾನು. ಊರಿಗೆಲ್ಲ ಗೊತ್ತಿದೆ ಎಂಬುದರಲ್ಲಿ ಊರು ಮರೆತುಬಿಡುವವರೂ ಇರುತ್ತಾರೆ. ಹಳೆಯ ಜಗಲಿಯ ಲೆಕ್ಕಾಚಾರಗಳಲ್ಲಿ ಬಾಗಿಲ ಹಿಂದೆ ನಿಂತಿದ್ದವರನ್ನು ಯಾರೂ ಕೇಳುತ್ತಿರಲಿಲ್ಲವೆಂಬುದು ಆ ಸಂಜೆ ಹೊಳೆದಾರಿಯಲ್ಲಿ ಹಿಂದಿರುಗುವಾಗ ನನ್ನ ಮನಸ್ಸಿಗೆ ಬಂದಿತು.

ಕಾಗದವನ್ನು ಬೇರೆ ಬರೆಯಿಸಿದೆವು. ಸಮಿತಿಯ ಸಭೆ ಎರಡು ಸಲ ಮುಂದಕ್ಕೆ ಹೋಗಿ, ಏಳು ತಿಂಗಳಿಗೆ ಹಣ ಕೈಸೇರಿತು. ಮುದುಕಿ ತನ್ನ 15,500 ರೂಪಾಯಿಗಳನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಏನು ಮಾಡುವೆಯೆಂದು ನಾನು ಕೇಳಲಿಲ್ಲ. ಅತ್ತೆಸೊಸೆಯರು ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಆಸನಗಳಲ್ಲಿ ಕುಳಿತು ಮನೆಗೆ ಹೋದರು. ಮನೆಯಿರುವ ಐದು ಸೆಂಟ್ಸು ಜಾಗದ ಪೌತಿ ಖಾತೆಯ ಅರ್ಜಿಯಲ್ಲಿ ನಾಲ್ವರ ಹೆಸರನ್ನೂ ಬರೆದಿದ್ದೇವೆ. ಅದು ಇನ್ನೂ ಆಗಿಲ್ಲ. ಬರುವ ಸೋಮವಾರ ಕಛೇರಿಗೆ ಬರಬೇಕೆಂದು ತಿಳಿಸಿದ್ದಾರೆ.